ಡ್ರೈವಿಂಗ್ ಅಕ್ಕನ ಬಿಳಿ ಕಾರು

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಹೆಂಗಸೊಬ್ಬಳು ಕಾರು ಓಡಿಸಿಕೊಂಡು ಹೋಗುತ್ತಿದ್ದರೆ ನಾನು ಮೊದಲು ನೋಡುವುದು ಅವಳ ಎಡಗೈಯನ್ನು. ಗೇರಿನ ಹಿಡಿಯನ್ನು ಮುಷ್ಟಿಯಲ್ಲಿ ಅಮುಕಿ ಹಿಡಿಯದೆ ಅಂಗೈಯಿಂದ ಹಗುರವಾಗಿ ತಳ್ಳಿದಳೆಂದರೆ ಅವಳು ನಮ್ಮ ಅಕ್ಕನ ಹತ್ತಿರ ಕಲಿತವಳೇ ಸರಿ. "ಅದೇನು ಪಿಕಾಸಿ ಕಾವಾ, ಅಂಗ್ ಇಡ್ಕಳಕ್ಕೆ? ಅಂಗೈಲಿ ತಳ್ಳು, ತಾನಾಗೇ ಓಯ್ತದೆ" ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು.

ಊರಿನವರಿಗೆಲ್ಲ ಅವರು ಡ್ರೈವಿಂಗ್ ಅಕ್ಕ. ಈ ವರ್ಷ ಕಲಿಸುವುದನ್ನು ನಿಲ್ಲಿಸಿದರು. ಅವರ ಬಗ್ಗೆ ಪತ್ರಿಕೆಗೆ ನಾಲ್ಕು ಮಾತು ಬರೆಯುತ್ತೇನೆಂದು ಹೇಳಿದಾಗ ಬೇಡವೆನ್ನಲಿಲ್ಲ, ಹೆಸರು ಮಾತ್ರ ಹಾಕಬೇಡಿ ಎಂದರು. "ಎಸ್ರು ಹಾಕಿದ್ರೆ ನಮ್ಮೆಜಮಾನ್ರು ಅದನ್ನ ಕತ್ತರಿಸಿ ಜೇಬಲ್ಲಿಟ್ಕಂಡು ಚನ್ನರಾಯಪಟ್ಟಣದ ಕಾಯಿ ಮಂಡೀಲೆಲ್ಲ ತೋರ್ಸ್ಕಂಡು ಓಡಾಡ್ತಾರೆ ಟೀಚ್ರಮ್ಮ. ನಂಗೆ ನಾಚ್ಕೆ ಆಯ್ತದೆ."

ಯಜಮಾನರು ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವವರು. ಅವರಿಗೆ ಸೈಕಲ್ ಬಿಟ್ಟರೆ ಬೇರೆ ಯಾವುದೂ ಓಡಿಸಲು ಬರುವುದಿಲ್ಲ. ಯಾಕೆ ಕಲಿಯಲಿಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ, "ಇಂದ್ಗಡೆ ಸೀಟಲ್ಲಿ ಕೂತ್ಕಂಡು ಪೇಪರ್ ಓದೋ ಸುಖ ಯಾಕೆ ಕಳ್ಕಳ್ಲಿ ಮೇಡಂ" ಎಂದರು. ಅಕ್ಕ ಕಲಿತದ್ದು ಕೊಣನೂರಿನ ಹತ್ತಿರದ ತವರುಮನೆಯಲ್ಲಿ, ಅಪ್ಪನ ಟ್ರ್ಯಾಕ್ಟರ್ ಮೇಲೆ. "ಅಣ್ಣದೀರು ಇಸ್ಕೂಲ್ಗೋದ್ರೆ ಟ್ರ್ಯಾಕ್ಟರ್ ಸುಮ್ನೆ ನಿಂತಿರ್ತಿತ್ತು. ನಾನೂ ಸುಮ್ನೆ ನಿಂತಿರ್ತಿದ್ದೆ. ಇಬ್ರೂ ಯಾಕೆ ಸುಮ್ನೆ ನಿಂತ್ಕಬೇಕು ಅಂತ ಮೇಲತ್ತಿ ಕೂತ್ಬುಟ್ಟೆ." ತಮ್ಮ ಇಡೀ ಜೀವನಚರಿತ್ರೆಯನ್ನು ಅವರು ಇಷ್ಟರಲ್ಲೇ ಮುಗಿಸುತ್ತಾರೆ.

ನಾನು ಅವರ ಹತ್ತಿರ ಸೇರಿದ್ದು ನಲವತ್ತು ದಾಟಿದ ಮೇಲೆ. ಅರಕಲಗೂಡಿನ ಕಡೆಯ ಒಂದು ಹೈಸ್ಕೂಲಿಗೆ ವರ್ಗವಾಗಿತ್ತು. ಬಸ್ಸು ಬದಲಿಸಿ, ಉಳಿದ ದೂರ ನಡೆದು ಶಾಲೆ ಸೇರುವ ಹೊತ್ತಿಗೆ ಪ್ರಾರ್ಥನೆ ಮುಗಿದಿರುತ್ತಿತ್ತು. ನಮ್ಮದು ದೇವಸ್ಥಾನದ ಬೀದಿಯ ಮನೆ. ಅಲ್ಲಿ ಹೆಂಗಸರು ಕಾರಿನಲ್ಲಿ ಕೂತವರೇ ಹೊರತು ಓಡಿಸಿದವರಿರಲಿಲ್ಲ. ಮೊದಲ ವಾರವೇ ಹೇಮಾವತಿ ಸೇತುವೆಯ ಮೇಲೆ ಕಾರು ಆಫ್ ಮಾಡಿಕೊಂಡೆ. ಹಿಂದೆ ಲಾರಿ ಬಂದು ನಿಂತು ಹಾರ್ನ್ ಹೊಡೆಯತೊಡಗಿತು. ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ, "ಒಸಿ ತಡಿ ಕಣಣ್ಣ, ಟೀಚ್ರಮ್ಮ ಕಲೀತಾವ್ರೆ" ಎಂದರು. ಹಾರ್ನ್ ನಿಂತಿತು. ನನ್ನ ಕಡೆ ತಿರುಗಿ, "ಅವ್ನಿಗೂ ಒಂದಿನ ಯಾರೋ ಕಲಿಸಿದ್ದೇ. ನಿಧಾನಕ್ಕೆ ಮಾಡಿ" ಎಂದರು. ನಾನು ಮತ್ತೆ ಕೀಲಿ ತಿರುಗಿಸಿ ಸೇತುವೆ ದಾಟಿದೆ.

ಅವರ ಕಾರು ಬಿಳಿಯದು, ಚಿಕ್ಕದು, ಹಳೆಯದು. ಕಂಪನಿಯಿಂದ ಬಂದ ಹಾಗೆ ಅದರಲ್ಲಿ ಉಳಿದದ್ದು ಕಡಿಮೆ. ಕಲಿಸುವವರಿಗೆಂದು ಎಡಗಡೆಯೂ ಒಂದು ಕ್ಲಚ್ಚು, ಒಂದು ಬ್ರೇಕು. ಗಿಡ್ಡ ಹೆಂಗಸರಿಗೆಂದು ಚಾಲಕನ ಸೀಟಿಗೆ ಅಡಿಯಿಂದ ಎತ್ತರ ಕೊಟ್ಟಿದ್ದರು. ಖರ್ಚು ಉಳಿಯಲೆಂದು ಹಿಂದೆ ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್ ಕೂರಿಸಿದ್ದರು. ಕಾರು ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ, ಎಂಜಿನ್ ಬಿಸಿಯಾದ ಮೇಲೆ ತಾನಾಗಿ ಗ್ಯಾಸಿಗೆ ಬದಲಾಗುತ್ತಿತ್ತು. ಇದಲ್ಲದೆ ಕಳ್ಳರ ಭಯಕ್ಕೆ ಎಡ ಸೀಟಿನ ಅಡಿಯಲ್ಲಿ ಒಂದು ಗುಟ್ಟಿನ ಸ್ವಿಚ್ಚು. ಅದನ್ನು ಆರಿಸಿದರೆ ಟ್ಯಾಂಕಿನೊಳಗಿನ ಪಂಪಿಗೆ ಕರೆಂಟು ಹೋಗುವುದಿಲ್ಲ, ಎಂಜಿನ್‌ಗೆ ಪೆಟ್ರೋಲ್ ಏರುವುದಿಲ್ಲ. ಒಂದೊಂದನ್ನೂ ಅಕ್ಕ ಗ್ಯಾರೇಜಿನಲ್ಲಿ ಪಕ್ಕದಲ್ಲಿ ನಿಂತು ಮಾಡಿಸಿದ್ದರು. ಆ ಕಾರಿನ ಬಗ್ಗೆ ತನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂಬ ಧೈರ್ಯ ಅವರಿಗಿತ್ತು.

ನನ್ನ ಜೊತೆ ಕಲಿಯುತ್ತಿದ್ದವಳು ಸುಜಾತ. ಅರಕಲಗೂಡಿನ ಹತ್ತಿರದ ಹಳ್ಳಿಯವಳು. ಗಂಡ ಹೆಂಡತಿ ಸೇರಿ ತರಕಾರಿ ಬೆಳೆದು ತಮ್ಮದೇ ಸಣ್ಣ ಗೂಡ್ಸ್ ಗಾಡಿಯಲ್ಲಿ ಕೊಣನೂರಿನ ಸಂತೆಗೂ ಹಾಸನಕ್ಕೂ ಹಾಕುತ್ತಿದ್ದರು. ಗಂಡನಿಗೆ ಬೆನ್ನಿನ ಆಪರೇಷನ್ ಆಗಿ, ಇನ್ನು ಸ್ಟೇರಿಂಗ್ ಮುಂದೆ ಕೂರಬಾರದು ಎಂದು ಡಾಕ್ಟರು ಹೇಳಿದ್ದರು. ಬಾಡಿಗೆ ಡ್ರೈವರ್ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಕಿತ್ತ ಟೊಮ್ಯಾಟೊ ಅವನಿಗಾಗಿ ಕಾಯುತ್ತದೆಯೇ? ಗಾಡಿಯನ್ನು ನಾನೇ ಓಡಿಸುತ್ತೇನೆಂದು ಸುಜಾತ ಹೊರಟಾಗ ಅತ್ತೆ, "ಗಾಡಿ ಅನ್ನೋದು ಎಲ್ರ ಕೈಗೂ ಒಗ್ಗಕ್ಕಿಲ್ಲ" ಎಂದಿದ್ದಳಂತೆ. ಆ ಮಾತು ಅವಳ ಮನಸ್ಸಿನಲ್ಲಿ ಮುಳ್ಳಾಗಿ ಕೂತಿತ್ತು. ಓಡಿಸುವುದರಲ್ಲಿ ಅವಳು ನನಗಿಂತ ಎಷ್ಟೋ ಮೇಲು. ಆದರೆ ಸ್ಟಾರ್ಟ್ ಮಾಡುವಾಗ ಮಾತ್ರ ಎಡವುತ್ತಿದ್ದಳು. ಕೀಲಿ ತಿರುಗಿಸಿದರೆ ಎಂಜಿನ್ ಗುರಗುರ ಎನ್ನುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಅಕ್ಕ ಕೈ ಹಾಕಿದರೆ ಒಂದೇ ಸಲಕ್ಕೆ ಹತ್ತಿಕೊಳ್ಳುತ್ತಿತ್ತು.

ಹಾಸನದ ಲೈಸೆನ್ಸ್ ಪರೀಕ್ಷೆಯ ಮೈದಾನದಲ್ಲಿ ಆದದ್ದೂ ಅದೇ. ಸರದಿಗಾಗಿ ಬಹಳ ಹೊತ್ತು ಬಿಸಿಲಲ್ಲಿ ನಿಂತಿದ್ದೆವು. ಸುಜಾತಳ ಹೆಸರು ಕೂಗಿದರು. ಓಡಿ ಹೋಗಿ ಕೂತಳು, ಕೀಲಿ ತಿರುಗಿಸಿದಳು. ಎಂಜಿನ್ ಗುರಗುಟ್ಟಿತು, ಅಷ್ಟೇ. ಮತ್ತೆ ಮತ್ತೆ ತಿರುಗಿಸಿದಳು. ಅಧಿಕಾರಿ ಒಳ್ಳೆಯವರು, ಕಾದರು. ಕೊನೆಗೆ, "ಸ್ಟಾರ್ಟ್ ಮಾಡೋದೂ ಪರೀಕ್ಷೇನೇ ಅಲ್ವೇನಮ್ಮ. ಚೆನ್ನಾಗಿ ಅಭ್ಯಾಸ ಮಾಡ್ಕೊಂಡು ಇನ್ನೊಂದ್ಸಲ ಬನ್ನಿ" ಎಂದರು. ಅವಳು ಇಳಿದಳು. ಮುಂದಿನ ಸರದಿ ನನ್ನದು. ನಾನು ಹುಟ್ಟಾ ನಿಧಾನಸ್ಥೆ. ಕೀಲಿಯನ್ನು ಅರ್ಧ ತಿರುಗಿಸಿ, ಡ್ಯಾಶ್‌ಬೋರ್ಡಿನ ದೀಪಗಳನ್ನು ನೋಡಿ, ಬೆಲ್ಟ್ ಹಾಕಿಕೊಂಡು, ಕನ್ನಡಿ ಸರಿಮಾಡಿಕೊಂಡು, ಆಮೇಲೆ ಪೂರ್ತಿ ತಿರುಗಿಸಿದೆ. ಕಾರು ಸ್ಟಾರ್ಟ್ ಆಯಿತು. ನಾನು ಪಾಸಾದೆ.

ವಾಪಸು ಬರುವಾಗ ಸುಜಾತ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಊರು ಹತ್ತಿರ ಬಂದಾಗ, "ಅತ್ತೆ ಅಂದಿದ್ದೇ ಸರಿ ಅಕ್ಕ. ನನ್ ಕೈಗೆ ಒಗ್ಗಕ್ಕಿಲ್ಲ. ನಾಳೆಯಿಂದ ನಾನು ಬರಲ್ಲ" ಎಂದಳು.

ಅಕ್ಕ ಕಾರನ್ನು ಮನೆಯ ಕಡೆ ತಿರುಗಿಸದೆ ನೇರವಾಗಿ ಊರಾಚೆಯ ಮೈದಾನಕ್ಕೆ ಒಯ್ದು ನಿಲ್ಲಿಸಿದರು. ನಮ್ಮಿಬ್ಬರನ್ನೂ ಇಳಿಸಿ, ಹುಣಸೆ ಮರದ ಕೆಳಗೆ ಕೂರಿಸಿಕೊಂಡು ಮನೆಯ ಸುದ್ದಿ, ಅಡುಗೆಯ ಸುದ್ದಿ ಎಲ್ಲ ಮಾತಾಡಿದರು. ಯಾಕೆ ಹೀಗೆ ಮಾಡುತ್ತಿದ್ದಾರೆಂದು ನಮಗೆ ತಿಳಿಯಲಿಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಎದ್ದು ಸೆರಗು ಕೊಡವಿಕೊಂಡರು.

"ಸುಜಾತಾ, ಓಗಿ ಕೂತ್ಕ. ಟೀಚ್ರಮ್ಮ ಎಂಗ್ ಮಾಡುದ್ರೋ ಅಂಗೇ ಮಾಡು. ಮೊದ್ಲು ಅರ್ಧ ತಿರುಗ್ಸು. ದೀಪ ನೋಡು. ಬೆಲ್ಟ್ ಹಾಕ್ಕ. ಆಮೇಲೆ ಸ್ಟಾರ್ಟ್ ಮಾಡು."

ಅವಳು ಹಾಗೇ ಮಾಡಿದಳು. ಸ್ಟಾರ್ಟ್ ಆಯಿತು. ಅವಳಿಗೇ ನಂಬಿಕೆ ಬರಲಿಲ್ಲ.

ಅಕ್ಕ ಎಂಜಿನ್ ಆರಿಸಿ ಮತ್ತೆ ನಮ್ಮನ್ನು ಮರದ ಕೆಳಗೆ ಕೂರಿಸಿದರು. ಇನ್ನೊಂದು ಸುತ್ತು ಮಾತಾಯಿತು. ಈ ಸಲ ತಾವೇ ಹೋಗಿ, ಕೂತ ತಕ್ಷಣ, ದೀಪ ಬೆಲ್ಟು ಏನನ್ನೂ ನೋಡದೆ, ಸುಜಾತ ಪರೀಕ್ಷೆಯಲ್ಲಿ ಮಾಡಿದ ಹಾಗೆ ಒಂದೇ ಏಟಿಗೆ ಕೀಲಿ ತಿರುಗಿಸಿದರು. ಗುರಗುರ ಎಂದಿತು. ಹತ್ತಿಕೊಳ್ಳಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಹತ್ತಿಕೊಳ್ಳಲಿಲ್ಲ.

ಕಿಟಕಿಯಿಂದ ಅವಳನ್ನು ನೋಡಿ ಅಕ್ಕ ಹೇಳಿದರು: "ನೋಡ್ದಾ? ನನ್ ಕೈಗೂ ಒಗ್ಗಲಿಲ್ಲ. ಇದು ಕೈದಲ್ಲ ಕಣವ್ವ, ಗಾಡೀದು. ನಾಳೆ ಎಂದಿನ ಒತ್ಗೇ ಬಾ."

ಸುಜಾತ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಹೇಳಲು ಬರುವುದಿಲ್ಲ.

ಸುಜಾತಳನ್ನು ಬಸ್ಸು ಹತ್ತಿಸಿದ ಮೇಲೆ ದಾರಿಯಲ್ಲಿ ಅಕ್ಕ ನನಗೆ ವಿವರಿಸಿದರು. ಕೀಲಿ ಅರ್ಧ ತಿರುಗಿಸಿದರೆ ಟ್ಯಾಂಕಿನೊಳಗಿನ ಪಂಪು ಒಂದು ಕ್ಷಣ ಓಡಿ ಎಂಜಿನ್‌ವರೆಗೆ ಪೆಟ್ರೋಲನ್ನು ಒತ್ತಿ ನಿಲ್ಲಿಸುತ್ತದೆ. ಆ ಒತ್ತಡ ಇದ್ದರೆ ತಕ್ಷಣ ಸ್ಟಾರ್ಟು. ಗಾಡಿ ಸರಿಯಾಗಿದ್ದರೆ ನಿಲ್ಲಿಸಿದ ಮೇಲೂ ಒತ್ತಡ ಉಳಿದಿರುತ್ತದೆ, ಅವಸರದಲ್ಲಿ ತಿರುಗಿಸಿದರೂ ನಡೆಯುತ್ತದೆ. ಇದರಲ್ಲಿ ಉಳಿಯುತ್ತಿಲ್ಲ. ನನ್ನ ಹಾಗೆ, ಅಕ್ಕನ ಹಾಗೆ ನಿಧಾನ ಮಾಡುವವರಿಗೆ ಪಂಪು ಹೇಗೋ ಅಷ್ಟಿಷ್ಟು ಒದಗಿಸುತ್ತದೆ, ಅವಸರದವರಿಗೆ ಕೈಕೊಡುತ್ತದೆ. ನಾನು ಕೇಳಿದೆ: "ಹಾಗಾದರೆ ಸುಜಾತ ನಿಧಾನವಾಗಿ ಮಾಡೋದು ಕಲಿತರೆ ಸಾಕಲ್ಲ ಅಕ್ಕ?"

"ಪರೀಕ್ಷೆಗೆ ಸಾಕು. ಗಾಡೀಗೆ ಸಾಕಾಗಲ್ಲ. ಕಾಯ್ಲೆ ಮುಚ್ಚಿಡೋದನ್ನ ಕಲಿಸಿದಂಗಾಯ್ತದೆ."

ಮರುದಿನವೇ ಹಾಸನದ ಇಲಿಯಾಸ್ ಗ್ಯಾರೇಜಿಗೆ ಹೋದೆವು. ಇಲಿಯಾಸ್ ಆ ಕಾರನ್ನು ವರ್ಷಗಳಿಂದ ನೋಡುತ್ತಿದ್ದವರು. ಅಕ್ಕನ ಗ್ಯಾಸ್ ಕಿಟ್ಟನ್ನೂ ಎಡಗಡೆಯ ಪೆಡಲುಗಳನ್ನೂ ಕೂರಿಸಿದವರು ಅವರೇ. ಕಳ್ಳ ಸ್ವಿಚ್ಚನ್ನು ಮಾತ್ರ ಅಕ್ಕ ಬೇರೆಲ್ಲೋ ಹಾಕಿಸಿದ್ದರು. ಇಲಿಯಾಸ್ ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ನಿಂತ ಹೊತ್ತಿನಲ್ಲಿ ಗ್ಯಾಸ್ ಸೋರಿ ಎಂಜಿನ್ ಒಳಗೆ ಸೇರಿದರೂ ಹೀಗಾಗುತ್ತದೆ ಎಂದು ಮೊದಲು ಸಿಲಿಂಡರಿನ ವಾಲ್ವ್ ಮುಚ್ಚಿ ಕಳಿಸಿದರು. ಬೆಳಿಗ್ಗೆ ನೋಡಿದರೆ ಅದೇ ತೊಂದರೆ. ಗ್ಯಾಸಿನದಲ್ಲ ಎಂದಾಯಿತು, ಮತ್ತೆ ಗ್ಯಾರೇಜಿಗೆ ಹೋದೆವು.

"ಪ್ರೆಷರ್ ಗೇಜ್ ಹಾಕಿ ನೋಡ್ಬಿಡೋಣ ಅಕ್ಕ" ಎಂದರು ಇಲಿಯಾಸ್.

"ನೋಡೋದೇನೈತೆ? ಪಂಪ್ ಓಗೈತೆ. ಗ್ಯಾಸಲ್ಲಿ ಓಡ್ಸೋದು ಅಂತ ನಾನು ಟ್ಯಾಂಕಲ್ಲಿ ಪೆಟ್ರೋಲ್ ಇಡೋದೇ ತಳಮಟ್ಟ. ಪೆಟ್ರೋಲಲ್ಲಿ ಮುಳುಗಿದ್ರೆ ಪಂಪ್ ತಣ್ಗಿರ್ತದೆ. ಇದು ಒಣಗಿ ಸುಟ್ಟೋಗೈತೆ. ಹೊಸದು ಹಾಕು."

"ಒಂದ್ಸಲ ನೋಡಿ ಹಾಕಿದ್ರೆ…"

"ಹಾಕಪ್ಪ, ನಂಗೊತ್ತು."

ಇಲಿಯಾಸ್ ನನ್ನ ಕಡೆ ನೋಡಿ ಸಣ್ಣಗೆ ನಕ್ಕು, ಪಂಪು ತೆಗೆಯಲು ಹಿಂದಿನ ಸೀಟು ಎತ್ತಿದರು. ಹೊಸ ಪಂಪು ಬಿತ್ತು. ಮರುದಿನ ಬೆಳಿಗ್ಗೆ ಸುಜಾತ ಅವಸರದಲ್ಲಿ ತಿರುಗಿಸಿದರೂ ಕಾರು ಸ್ಟಾರ್ಟ್ ಆಯಿತು. ಅವತ್ತು ಬೀದಿಯಲ್ಲಿ ಅಕ್ಕ ನಡೆದ ಗತ್ತು ಬೇರೆಯೇ ಇತ್ತು.

ಆ ಗತ್ತು ಬಹಳ ದಿನ ಉಳಿಯಲಿಲ್ಲ. ಪರೀಕ್ಷೆಗೆ ಮುಂಚೆ ಇನ್ನಷ್ಟು ಅಭ್ಯಾಸವಾಗಲಿ ಎಂದು ಸುಜಾತಳನ್ನು ಬೂವನಹಳ್ಳಿ ಕಡೆಯ ಖಾಲಿ ರಸ್ತೆಗೆ ಕರೆದುಕೊಂಡು ಹೋದರು. ರಜೆಯಾದ್ದರಿಂದ ನಾನೂ ಜೊತೆಗಿದ್ದೆ. ನಡುಮಧ್ಯಾಹ್ನ, ಸುಡುಬಿಸಿಲು. ಎಳನೀರು ಕುಡಿಯಲು ನಿಲ್ಲಿಸಿ, ಮತ್ತೆ ಹೊರಡೋಣವೆಂದರೆ ಕಾರು ಸ್ಟಾರ್ಟ್ ಆಗಲಿಲ್ಲ. ಸುಜಾತಳ ಕೈಯಲ್ಲೂ ಆಗಲಿಲ್ಲ, ನನ್ನ ನಿಧಾನದಲ್ಲೂ ಆಗಲಿಲ್ಲ. ಅಕ್ಕ ಕೂತು, ದೀಪ ನೋಡಿ, ಕಾದು, ತಿರುಗಿಸಿದರೂ ಆಗಲಿಲ್ಲ.

ಅಕ್ಕ ಬಾನೆಟ್ ಎತ್ತಿ ನಿಲ್ಲಿಸಿ, ಎಳನೀರು ಅಂಗಡಿಯ ಬೆಂಚಿನ ಮೇಲೆ ಬಂದು ಕೂತರು. ಸಿಟ್ಟಾಗಬಹುದು, ಇಲಿಯಾಸ್ ಮೇಲೆ ರೇಗಬಹುದು ಎಂದುಕೊಂಡಿದ್ದೆ. ಅವರು ಫೋನ್ ಮಾಡಿ ಹೇಳಿದ್ದು ಇಷ್ಟು: "ಇಲಿಯಾಸಪ್ಪ, ನಾನು ಅಂದಿದ್ದು ಅರ್ಧ ಸರಿ, ಅರ್ಧ ತಪ್ಪು. ಗಾಡಿ ತಣ್ಗಾದ್ಮೇಲೆ ಬತ್ತೀವಿ. ಗೇಜ್ ತೆಗ್ದಿಟ್ಟಿರು."

ಅವತ್ತು ಸಂಜೆ ಇಲಿಯಾಸ್ ಪೆಟ್ರೋಲ್ ಪೈಪಿಗೆ ಗೇಜ್ ಸೇರಿಸಿದರು. ಅಕ್ಕ ಕೀಲಿ ಅರ್ಧ ತಿರುಗಿಸಿದರು. ಮುಳ್ಳು ಏಳಲಾರದೆ ಎದ್ದು, ಇರಬೇಕಾದ ಗುರುತಿಗಿಂತ ಬಹಳ ಕೆಳಗೇ ನಿಂತಿತು. ಕೀಲಿ ತೆಗೆದ ಮೇಲೂ ಅಲ್ಲೇ ನಿಂತಿತ್ತು, ಇಳಿಯಲಿಲ್ಲ.

"ಇಳೀತಿಲ್ಲ ನೋಡಿ ಅಕ್ಕ. ಎಲ್ಲೂ ಸೋರ್ತಿಲ್ಲ. ಹಳೇ ಪಂಪು ಒತ್ತಡ ಹಿಡೀತಿರ್ಲಿಲ್ಲ, ಇದು ಹಿಡಿದೈತೆ. ನೀವು ಹೇಳಿದ್ದು ಅಷ್ಟು ಸರಿ. ಆದ್ರೆ ಏರ್ತಿಲ್ಲ. ಕಡಿಮೆ ಒತ್ತಡ, ಮೇಲೆ ಎಂಜಿನ್ ಬಿಸಿ. ಪೈಪಲ್ಲೇ ಪೆಟ್ರೋಲ್ ಆವಿ ಆಗ್ಬಿಡುತ್ತೆ."

"ಹೊಸ ಪಂಪು ಯಾಕೆ ಏರ್ಸಲ್ಲ?"

"ಅದಕ್ಕೆ ಊಟ ಸಾಲ್ದೇನೋ" ಎಂದು ಇಲಿಯಾಸ್ ಮೀಟರ್ ತಂದು ಪಂಪಿನ ವೈರಿಗೆ ಹಿಡಿದರು. ಬ್ಯಾಟರಿಯಲ್ಲಿ ಪೂರ್ತಿ ಕರೆಂಟಿತ್ತು. ಪಂಪಿನ ಹತ್ತಿರ ಬರುವ ಹೊತ್ತಿಗೆ ಮೂರರಲ್ಲಿ ಒಂದು ಪಾಲು ಎಲ್ಲೋ ಕಳೆದುಹೋಗುತ್ತಿತ್ತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲಿ ಹುಡುಕಬೇಕೆಂದು ಅಕ್ಕನಿಗೆ ಆಗಲೇ ಹೊಳೆದಿತ್ತು. ತಾವೇ ಎಡ ಸೀಟಿನ ಮುಂದೆ ಮಂಡಿಯೂರಿ ಕಾಲಡಿಯ ಕಾರ್ಪೆಟ್ ಕಿತ್ತರು. ಕಳ್ಳ ಸ್ವಿಚ್ಚಿಗಾಗಿ ಪಂಪಿನ ವೈರನ್ನು ಕತ್ತರಿಸಿ, ತೆಳ್ಳನೆಯ ಬೇರೆ ವೈರನ್ನು ಹೊಸೆದು, ಮೇಲೆ ಟೇಪ್ ಸುತ್ತಿದ್ದ ಜಾಗ ಅಲ್ಲಿತ್ತು. ಟೇಪ್ ಬಿಚ್ಚಿದರೆ ತಾಮ್ರ ಹಸಿರು ಪುಡಿಯಾಗಿತ್ತು. ಎಷ್ಟು ಮಳೆಗಾಲ ಒದ್ದೆ ಚಪ್ಪಲಿಯ ನೀರು ಅದರ ಮೇಲೆ ಇಳಿದಿತ್ತೋ. ಕೈ ಸೋಕಿದ್ದಕ್ಕೇ ಎರಡು ಎಳೆ ಮುರಿದು ಬಂದವು.

ಅಕ್ಕ ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದರು. "ನಾನೇ ನಿಂತು ಹಾಕ್ಸಿದ್ದು ಇದು. ಅದ್ಕೇ ಇದ್ರ ಮೇಲೆ ಅನುಮಾನಾನೇ ಬರ್ಲಿಲ್ಲ. ಪಂಪಿನ ಮೇಲೆ ಬಂತು, ಗ್ಯಾಸ್ ಮೇಲೆ ಬಂತು, ಊರೋರಿಗೆಲ್ಲ ಈ ಉಡ್ಗಿ ಕೈ ಮೇಲೆ ಬಂತು." ಆಮೇಲೆ ಸುಜಾತಳನ್ನು ಕರೆದು ಆ ಹಸಿರು ತುಂಡನ್ನು ಅವಳ ಅಂಗೈಯಲ್ಲಿಟ್ಟರು. "ತಕ. ನಿಮ್ಮತ್ತೆಗೆ ತೋರ್ಸು."

ಸುಜಾತ ಅದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡಳು. ನಿಜವಾಗಿ ತೋರಿಸಿದಳೋ ಇಲ್ಲವೋ ನಾನು ಕೇಳಲಿಲ್ಲ.

ಇಲಿಯಾಸ್ ದಪ್ಪ ವೈರ್ ಎಳೆದು ಬೆಸುಗೆ ಹಾಕಿದರು. ಅಕ್ಕ ಟಾರ್ಚ್ ಹಿಡಿದಿದ್ದರು. ಕಳ್ಳ ಸ್ವಿಚ್ಚನ್ನು ಕಿತ್ತೇ ಹಾಕಿಸಿದರು. "ಯಾವ ಕಳ್ಳ ಬತ್ತಾನೆ ಇದಕ್ಕೆ? ಎಡಗಡೆ ಪೆಡಲ್ ನೋಡಿದ್ರೆ ಅವ್ನೇ ಎದುರ್ಕಂಡು ಓಯ್ತಾನೆ." ಈ ಸಲ ಕೀಲಿ ಅರ್ಧ ತಿರುಗಿಸಿದಾಗ ಹಿಂದಿನಿಂದ ಪಂಪಿನ ಸದ್ದು ಗಟ್ಟಿಯಾಗಿ ಕೇಳಿಸಿತು. ಗೇಜಿನ ಮುಳ್ಳು ಒಂದೇ ನೆಗೆತಕ್ಕೆ ಗುರುತು ಮುಟ್ಟಿತು. ಬಿಸಿ ಎಂಜಿನ್ ಆರಿಸಿ, ಕಾದು, ಮತ್ತೆ ಹಚ್ಚಿ ನೋಡಿದರು. ಪ್ರತಿ ಸಲವೂ ಕೀಲಿ ಮುಟ್ಟಿದ್ದೇ ತಡ ಹತ್ತಿಕೊಂಡಿತು.

ಎರಡನೆಯ ಸಲ ಪರೀಕ್ಷೆಗೆ ಹೋದಾಗ ನಾನು ಶಾಲೆಗೆ ರಜೆ ಹಾಕಿ ಜೊತೆಗೆ ಹೋಗಿದ್ದೆ. ಹೆಸರು ಕೂಗಿದ ತಕ್ಷಣ ಸುಜಾತ ಎಂದಿನ ಹಾಗೆ ಗಾಬರಿಯಲ್ಲಿ ಓಡಿದಳು. ಅಕ್ಕ ಮೈದಾನಕ್ಕೆ ಬೆನ್ನು ಹಾಕಿ, ಬೇಲಿಯ ಪಕ್ಕ ಕೈಕಟ್ಟಿ ನಿಂತರು. ಎಂಜಿನ್ ಸದ್ದು ಕೇಳಿಸಿತು. ಅಕ್ಕ ಹಿಂದಿರುಗಿಯೂ ನೋಡದೆ, "ಬನ್ನಿ ಟೀಚ್ರಮ್ಮ, ಕಾಪಿ ಕುಡಿಯಾಣ" ಎಂದು ನಡೆದೇಬಿಟ್ಟರು.

"ಪೂರ್ತಿ ನೋಡಲ್ವಾ ಅಕ್ಕ?"

"ಗಾಡಿ ಕೆಲ್ಸ ಮುಗೀತು. ಉಳಿದಿದ್ದು ಅವಳ್ದು. ಅದು ನಂಗೊತ್ತು."

ನಾವು ಕಾಫಿ ಮುಗಿಸಿ ಬರುವಾಗ ಸುಜಾತ ಕಾರಿಗೆ ಒರಗಿ ನಿಂತು ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. "ಊಂ, ಆಯ್ತು. ಊಂ, ನಾಳಿದ್ದು ಸಂತೆಗೆ ನಾನೇ ತರ್ತೀನಿ" ಎನ್ನುತ್ತಿದ್ದಳು. ಈಗಲೂ ಕೆಲವು ಬೆಳಿಗ್ಗೆ ಶಾಲೆಗೆ ಹೋಗುವಾಗ ತರಕಾರಿ ಕ್ರೇಟು ತುಂಬಿದ ಅವಳ ಗಾಡಿ ಎದುರಾಗುತ್ತದೆ. ಒಂದು ಸಲ ಹಾರ್ನ್ ಮಾಡಿ ಹೋಗುತ್ತಾಳೆ.

ಇದಾಗಿ ಕೆಲವು ವರ್ಷಗಳಾದವು. ಅಕ್ಕ ಇನ್ನೂ ಎಷ್ಟೋ ಜನಕ್ಕೆ ಕಲಿಸಿದರು. ಈ ವರ್ಷದ ಮೊದಲಲ್ಲಿ ಒಬ್ಬ ಹುಡುಗಿಗೆ ಕಲಿಸುವಾಗ ರಸ್ತೆಯ ಪಕ್ಕದ ಕರೆಂಟ್ ಕಂಬ ನಡುವಿನಲ್ಲಿ ಸೊಟ್ಟಗೆ ಕಂಡಿತಂತೆ. ಕಾರು ನಿಲ್ಲಿಸಲು ಹೇಳಿ, ಒಂದು ಕಣ್ಣು ಮುಚ್ಚಿ ನೋಡಿದರು. ಇನ್ನೊಂದು ಮುಚ್ಚಿ ನೋಡಿದರು. ಎಡಗಣ್ಣಿಗೆ ಕಂಬ ನೆಟ್ಟಗಿತ್ತು, ಬಲಗಣ್ಣಿಗೆ ಬಾಗಿತ್ತು. ಕನ್ನಡಕದ ತಪ್ಪೇನೋ ಎಂದು ಅದನ್ನು ತೆಗೆದೂ ನೋಡಿದರು. ಬಾಗಿಯೇ ಇತ್ತು. ಆ ಹುಡುಗಿಯ ಪಾಠ ಮುಗಿಸಿಕೊಟ್ಟು, ಮನೆಗೆ ಬಂದು, ಮರುದಿನದವರಿಗೆಲ್ಲ ಬರಬೇಡಿ ಎಂದು ಫೋನ್ ಮಾಡಿದರು.

ಕಣ್ಣಿನ ಡಾಕ್ಟರು, ಬಲಗಣ್ಣಿನ ಹಿಂದಿನ ಪರದೆ ಕೆಟ್ಟಿದೆ, ಇಂಜೆಕ್ಷನ್ ಕೊಟ್ಟರೆ ಇರುವಷ್ಟು ಉಳಿಸಬಹುದು ಎಂದರು. ಕಲಿಸುವುದನ್ನು ಯಾಕೆ ಬಿಡಬೇಕು, ಒಂದು ಕಣ್ಣು ಚೆನ್ನಾಗಿದೆಯಲ್ಲ ಎಂದು ಯಜಮಾನರೇ ಒತ್ತಾಯ ಮಾಡಿದರು. ಅಕ್ಕ ಒಪ್ಪಲಿಲ್ಲ. "ಬೇರೆಯೋರ ಮನೆ ಎಣ್ಮಕ್ಳನ್ನ ಕೂರಿಸ್ಕಂಡು ಅರ್ಧ ಕಣ್ಣಲ್ಲಿ ಕಲಿಸಕ್ಕಾಯ್ತದಾ?" ಬಿಳಿ ಕಾರನ್ನು ಅರಕಲಗೂಡಿನಲ್ಲಿ ಹೊಸದಾಗಿ ಡ್ರೈವಿಂಗ್ ಸ್ಕೂಲ್ ತೆರೆದ ಹುಡುಗಿಯೊಬ್ಬಳಿಗೆ ಕೊಟ್ಟರು. ಕೊಡುವಾಗ ಒಂದೊಂದು ವೈರನ್ನೂ ತೋರಿಸಿ, ಯಾವುದು ಯಾಕೆ ಅಲ್ಲಿದೆ ಎಂದು ಹೇಳಿಯೇ ಕೀಲಿ ಕೊಟ್ಟರು.

ಹಾಸನಕ್ಕೆ ಮೊದಲ ಇಂಜೆಕ್ಷನ್ನಿಗೆ ಅವರನ್ನು ಕರೆದುಕೊಂಡು ಹೋದದ್ದು ನಾನು, ನನ್ನ ಕಾರಿನಲ್ಲಿ. ಆಸ್ಪತ್ರೆಯಿಂದ ಹೊರಡುವಾಗ ಬಲಗಣ್ಣಿನ ಮೇಲೆ ಬಿಳಿ ಪಟ್ಟಿ ಅಂಟಿಸಿದ್ದರು. ಅಕ್ಕ ಅಭ್ಯಾಸದಂತೆ ಎಡ ಸೀಟಿನಲ್ಲಿ ನೆಟ್ಟಗೆ ಕೂತರು. ನನ್ನ ಕಾರಿನಲ್ಲಿ ಆ ಕಡೆ ಪೆಡಲುಗಳಿಲ್ಲ. ಆದರೂ ಅವರ ಬಲಗಾಲು ಬರಿ ಮ್ಯಾಟಿನ ಮೇಲೆ ಒತ್ತುತ್ತಲೇ ಇತ್ತು. ತಿರುವು ಬಂದರೆ ಒಂದಿಷ್ಟು, ಬಸ್ಸು ಎದುರಾದರೆ ಇನ್ನೊಂದಿಷ್ಟು. ಒಂದು ಹಳ್ಳಿಯ ಹತ್ತಿರ ಕುರಿಮಂದೆ ಏಕಾಏಕಿ ರಸ್ತೆಗೆ ಇಳಿಯಿತು. ಅಕ್ಕನ ಕಾಲು ಜೋರಾಗಿ ನೆಲಕ್ಕೆ ಒತ್ತಿತು. ಅಷ್ಟರಲ್ಲಿ ನಾನು ಬ್ರೇಕ್ ಹಾಕಿಯಾಗಿತ್ತು. ಕಾರು ಮಂದೆಯಿಂದ ದೂರದಲ್ಲೇ ಅಲುಗಾಡದೆ ನಿಂತಿತು. ಕುರಿಗಳು ಒಂದಕ್ಕೊಂದು ಅಂಟಿಕೊಂಡು ನಿಧಾನವಾಗಿ ದಾಟಿದವು.

ಅಕ್ಕ ತಮ್ಮ ಕಾಲನ್ನು ನೋಡಿಕೊಂಡರು. ಆಮೇಲೆ ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಎತ್ತಿ ಸೀಟಿನ ಮೇಲೆ ಮಡಚಿಕೊಂಡು, ಸೆರಗು ಹೊದ್ದು ಹಿಂದಕ್ಕೆ ಒರಗಿದರು.

"ಒಸಿ ಮಲಗ್ತೀನಿ ಟೀಚ್ರಮ್ಮ. ಮನೆ ಬಂದ್ಮೇಲೆ ಎಬ್ರಿಸಿ."

ಇಷ್ಟು ವರ್ಷದಲ್ಲಿ ಓಡುವ ಕಾರಿನಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಹೊ​ಳೆನರಸೀಪುರ ಬಂದು, ಅವರ ಬೀದಿಗೆ ತಿರುಗಿ, ಬಾಗಿಲ ಮುಂದೆ ಎಂಜಿನ್ ಆರಿಸಿದ ಮೇಲೂ ಅವರ ಸಣ್ಣ ಗೊರಕೆ ನಡೆದೇ ಇತ್ತು.